ಪ್ಲಾಸ್ಟಿಕ್ ಹಾಳೆಯ ಕೆಳಗೆ

ಟೇಕಲ್ ರಸ್ತೆಯ ನನ್ನ ಶೆಡ್ಡಿಗೆ ಎಪಾಕ್ಸಿ ನೆಲ ಹಾಕಲು
ಮಾಲೂರಿನಿಂದ ಮೂವರು ಬಂದರು.
ಮೇಸ್ತ್ರಿ ಅನ್ವರ್ ಜಾನ್ ಬಣ್ಣದ ಮಾತೇ ಎತ್ತಲಿಲ್ಲ.
ಚಪ್ಪಲಿ ಬಿಟ್ಟ, ಅಂಗಾಲಲ್ಲಿ ನೆಲ ಸವರಿದ,
ಒಂದು ಗಜ ಪ್ಲಾಸ್ಟಿಕ್ ಹಾಳೆ ಹಾಸಿ
ನಾಲ್ಕೂ ಅಂಚಿಗೆ ಟೇಪು ಒತ್ತಿ
‘ನಾಳೆ ನೋಡೋಣ’ ಅಂದ.

ಚದರಡಿಗೆ ಎಪ್ಪತ್ತು ರೂಪಾಯಿ ಮಾತಾಡಿ ಕರೆಸಿದವನು
ಮೊದಲ ದಿನ ಮಾಡಿದ್ದು ಇಷ್ಟೇ:
ಕೂಸಿಗೆ ಹೊದಿಸಿದ ಹಾಗೆ
ಸಿಮೆಂಟಿಗೆ ಹೊದಿಸಿ ಹೋದದ್ದು.

ಲಲಿತಾಕ್ಷಿ ನಕ್ಕಳು. ನಗಲಿ.
ಹೋದ ವರ್ಷ ನಾನೇ ಡಬ್ಬಿ ತಂದು ಬಳಿದಿದ್ದೆ,
ತಿಂಗಳೊಳಗೆ ಟೈರಿನ ಜೊತೆ ಎದ್ದುಬಂತು
ಕಾಯದ ಕಾವಲಿಯ ದೋಸೆ.

ಬೆಳಿಗ್ಗೆ ಶಟರು ಎತ್ತಿದರೆ
ಹಾಳೆಯ ಒಳಮೈ ತುಂಬ ಹನಿ,
ಇಡ್ಲಿ ಪಾತ್ರೆಯ ಮುಚ್ಚಳ ತಿರುವಿದ ಹಾಗೆ.
ಅನ್ವರ್ ಕುಕ್ಕರಗಾಲಲ್ಲಿ ಕೂತು
ಒಂದು ಹನಿಯನ್ನು ಬೆರಳಿಗೆ ತಗೊಂಡ.
‘ಕೆಳಗೆ ಏನಿತ್ತು ಸಾರ್?’

‘ಏನಿಲ್ಲ.’

ಇದೇ ಸೈಟಿನ ಮೂಲೆಯಲ್ಲಿ
ಸಾವಿರದ ನಾನೂರು ಅಡಿ ಕೊರೆಸಿ
ಬರೀ ಬೂದಿಯಂಥ ಪುಡಿ ಕಂಡವನು ನಾನು.
ಅವನು ಮತ್ತೆ ಕೇಳಲಿಲ್ಲ. ಬೆರಳು ಒರೆಸಿಕೊಳ್ಳಲೂ ಇಲ್ಲ.

‘ಬಾವಿ’ ಅಂದೆ.
ಕಲ್ಲು ಕಟ್ಟಿದ್ದು, ಇಳಿಯಲು ಮೆಟ್ಟಿಲಿತ್ತು.
ಆರು ವರ್ಷ ಒಣಗೇ ಇತ್ತು ಮಾರಾಯ,
ಪಾರಿವಾಳ ಗೂಡು ಕಟ್ಟಿದ್ದವು.
ಹದಿನೆಂಟು ಲೋಡು ಮಣ್ಣು, ಒಡೆದ ಹೆಂಚು,
ಒಂದು ಅಂಬಾಸಿಡರಿನ ಬಾಗಿಲು:
ನಾನೇ ನಿಂತು ತುಂಬಿಸಿದ್ದು.
ರಾಟೆ ಗುಜರಿಗೆ ಹೋಯಿತು, ಕೇಜಿ ಲೆಕ್ಕದಲ್ಲಿ.

ಅವನು ಲೆಕ್ಕ ಹೇಳಿದ:
ತೇವಕ್ಕೆ ಬೇರೆ ಪ್ರೈಮರು, ಚದರಡಿಗೆ ಹದಿನಾಲ್ಕು ಜಾಸ್ತಿ,
‘ಕೆಳಗಿನದು ಮೇಲೆ ಬರದ ಹಾಗೆ.’
ನಾನು ಚೌಕಾಸಿ ಮಾಡಲಿಲ್ಲ.

ಆಮೇಲಿನದೆಲ್ಲ ಯಂತ್ರದ ಸದ್ದು.
ಇಪ್ಪತ್ತೆರಡು ವರ್ಷದ ಆಯಿಲ್ ಕಲೆ
ಬಿಳಿ ಧೂಳಾಗಿ ಪೈಪಿನಲ್ಲಿ ಹೋಯಿತು.
ಎರಡು ಡಬ್ಬಿ ಒಂದಕ್ಕೊಂದು ಬೆರೆಸಿದ ಮೇಲೆ
ನಲವತ್ತೇ ನಿಮಿಷ,
ಆಮೇಲೆ ಬಕೆಟ್ಟಿನಲ್ಲೇ ಕಲ್ಲಾಗುತ್ತದಂತೆ;
ಫೋನು ಬಡಕೊಂಡರೂ ಒಬ್ಬನೂ ಎತ್ತಲಿಲ್ಲ.
ಮೊಳೆಯ ಅಟ್ಟೆ ಕಟ್ಟಿಕೊಂಡು
ಹಸಿ ನೆಲದ ಮೇಲೆ ಕೊಕ್ಕರೆಗಳಂತೆ ನಡೆದರು.
ಅವರ ಹೆಜ್ಜೆ ಅವರ ಹಿಂದೆಯೇ ಮುಚ್ಚಿಕೊಂಡಿತು.

ಏಳು ದಿನ ಗಾಡಿ ಹತ್ತಿಸಬೇಡಿ ಅಂದಿದ್ದ.
ಎಂಟನೆಯ ಬೆಳಿಗ್ಗೆ ಹೆಲ್ಪರ್ ಚೌಡೇಶ ಶಟರು ಎತ್ತಿದ.
ಒಳಗೆ ಟ್ಯೂಬ್‌ಲೈಟು ತಲೆಕೆಳಗಾಗಿ ಮಲಗಿತ್ತು,
ಅದರ ಪಕ್ಕ ಜ್ಯಾಕು, ಅಂತರಗಂಗೆ ಬೆಟ್ಟದ ಒಂದು ತುಂಡು.
ಹುಡುಗ ಹೊಸಿಲಲ್ಲೇ ನಿಂತ,
ಬಗ್ಗಿ ಪ್ಯಾಂಟು ಎರಡು ಮಡಿಕೆ ಮೇಲೆತ್ತಿದ,
ಆಮೇಲೆ ಮೆಲ್ಲಗೆ
ಕಾಲಿಟ್ಟ.

ನಾನು ನಗಲಿಲ್ಲ.
ಹೊರಗೆ ನೀರಿನ ಟ್ಯಾಂಕರು ಬಂದು
ಹಾರ್ನ್ ಹೊಡೆಯುತ್ತಿತ್ತು.