ಓದು ಬಾರದು

ಸ್ಪಂಜಿನ ದಿಂಬಿನ ಮೇಲೆ ಹಾಳೆಯನ್ನು ಮಲಗಿಸಿದೆ:
ಡಿಂಗಲ್ ಕಡೆಯ ಜನಗಣತಿ, ಸಾವಿರದ ಒಂಬೈನೂರ ಹನ್ನೊಂದು.
ಪೆನ್ನು ಬೇಡ, ಪೆನ್ಸಿಲ್ ಮಾತ್ರ ಎಂದೆ, ದಿನವೂ ಎನ್ನುವಂತೆ.

ನೆಸ್ಸಾ ಗಾರ್ವಿ ಚೀಲದಿಂದ ತೆಗೆದದ್ದು
ಚಹಾದ ಡಬ್ಬಿಯಲ್ಲಿ ಸಿಕ್ಕ ಮೊಟ್ಟೆಯ ಲೆಕ್ಕ.
ಹಳೆಯ ಐರಿಷ್ ಲಿಪಿ; ಯಾರ ಕೈಯೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
"ಮುತ್ತಜ್ಜನದೇ ಇರಬೇಕು. ಮುತ್ತಜ್ಜಿಗೆ ಅಕ್ಷರ ಬರುತ್ತಿರಲಿಲ್ಲವಂತೆ."

ಎರಡನ್ನೂ ಪಕ್ಕಪಕ್ಕ ಇಟ್ಟೆವು.
ಬಾಲವನ್ನು ಒಳಕ್ಕೆ ಸುತ್ತಿಕೊಂಡ ಅದೇ ಗಕಾರ,
ಅಕ್ಷರದ ನೆತ್ತಿಗೆ ಅದೇ ಚುಕ್ಕಿ,
ಗಟ್ಟಿ ದನಿಯನ್ನು ಉಸಿರಾಗಿಸುವ ಚುಕ್ಕಿ,
ನೊಣ ಕೂತು ಎದ್ದಷ್ಟು ಹಗುರ.
ಎಣಿಕೆಗೆ ಬಂದ ಪೊಲೀಸಿನವನು ಕೊಳೆ ಎಂದುಕೊಂಡು
ಒಂದೆರಡನ್ನು ಕೆರೆದೂ ಇದ್ದಾನೆ.

ಕೆಳಗೆ ಯಜಮಾನನ ಸಹಿ. ಟೈಗ್ ಗಾರ್ವಿ.
ಕಲ್ಲುನೆಲದಲ್ಲಿ ನೇಗಿಲು ಎಡವಿದ ಹಾಗೆ,
ಶಾಯಿ ತೊಟ್ಟಿಕ್ಕಿ, ಎರಡು ಕಡೆ ತೂತು.
ಆ ಕೈ ಬೇರೆ.
ನೆಸ್ಸಾ ನನ್ನ ಮುಖ ನೋಡಿದಳು.

ಮನೆಯಲ್ಲಿ ಇದ್ದವರು ನಾಲ್ಕೇ ಜನ.
ಮಕ್ಕಳಲ್ಲಿ ಒಂದಕ್ಕೆ ಮೂರು ವರ್ಷ, ಒಂದಕ್ಕೆ ಹತ್ತು ತಿಂಗಳು.
ಟೈಗ್: ಓದುಬರಹ ಬಲ್ಲ.
ಗೊಬ್ನೆಟ್, ಹೆಂಡತಿ: ಓದು ಬಾರದು.

ಆ ಸಾಲು ಬರೆದವಳೂ ಅವಳೇ,
ಒಂದು ಚುಕ್ಕಿ ತಪ್ಪದೆ.

ಯಾಕೆ ಎಂದು ಕಾಗದ ಹೇಳುವುದಿಲ್ಲ.
ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನಾನೂ ಹೇಳಲಿಲ್ಲ.
ಮುಚ್ಚುವ ಹೊತ್ತಿನ ಗಂಟೆ ಹೊಡೆಯಿತು.
ನೆಸ್ಸಾ ಏಳಲಿಲ್ಲ. ಬೆರಳು ಮಡಚಿ ಮಡಚಿ
ಆ ವಾರದ ಮೊಟ್ಟೆಗಳನ್ನು ಕೂಡುತ್ತಿದ್ದಳು:
ಮಂಗಳವಾರ ಒಂದು ಡಜನ್, ಅದರಲ್ಲಿ ಎರಡು ಒಡೆದವು...
"ಲೆಕ್ಕ ಸರಿಯಾಗಿದೆ," ಎಂದಳು,
ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ.