ಆದರೆ

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ
ಒಂದು ಭಾಷೆ ಮಾಡಲು ಕೂತಿದ್ದೇನೆ.
ಮಾತಾಡುವ ಭಾಷೆಯಲ್ಲ, ಅವು ಇಲ್ಲಿ ಬೇಕಾದಷ್ಟಿವೆ.
ಒಂದೇ ಲಾಟಿಗೆ ತೆಲುಗಿನಲ್ಲಿ ಬೈದು, ದಖನಿಯಲ್ಲಿ ಚೌಕಾಸಿ ಮಾಡಿ,
ಕನ್ನಡದಲ್ಲಿ ರಸೀದಿ ಬರೆಸುತ್ತಾರೆ.
ನನ್ನದು, ಫೋನಿನೊಳಗಿನ ಹರಾಜಿಗೆ
ಹಾಗಲ್ಲ, ನನಗೆ ಹೀಗಿರು ಎಂದು ಹೇಳುವ ಭಾಷೆ.

ಹರಾಜಿನ ಪರದೆ ಎಲ್ಲರಿಗೂ ಒಂದೇ.
ನೂರು ಬೇಸಿನ್ ಇಟ್ಟವನಿಗೂ
ಎರಡೇ ಬೇಸಿನ್ನಿನ ತಾಜುನ್ನೀಸಾಗೂ
ಅದೇ ನೀಲಿ ಗುಂಡಿ, ಅದೇ ಇರುವೆ ಸಾಲಿನ ಅಂಕಿ,
ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮುಚ್ಚುವ ಅದೇ ಬಾಗಿಲು.
ಮೂವತ್ತು ವರ್ಷದ ಬಿಸಿನೀರಿಗೆ ಬೆಂದ ಬೆರಳನ್ನು
ಗಾಜು ಬೆರಳೆಂದು ಒಪ್ಪುವುದಿಲ್ಲ.
ಮೂಗಿನ ತುದಿಯಿಂದ ಒತ್ತಿ ತೋರಿಸಿದಳು ಒಮ್ಮೆ. ಇಬ್ಬರೂ ನಕ್ಕೆವು.
ಆ ಲಾಟು ಬೇರೆಯವರಿಗೆ ಹೋಯಿತು.

ಪರದೆ ಮಾಡಿದವರನ್ನು ಕೇಳಿಕೊಂಡೆ:
ನಿಮ್ಮ ಗೋಡೆ ಒಡೆಯುವುದಿಲ್ಲ ಸ್ವಾಮಿ,
ಅವರವರ ಅಂಗಿ ತಗುಲಿಹಾಕಲು
ಒಂದೊಂದು ಮೊಳೆ ಹೊಡೆದುಕೊಳ್ಳುತ್ತೇವೆ.
ಒಂಬತ್ತು ತಿಂಗಳು ಯೋಚಿಸಿ, ಆಗಲಿ ಎಂದರು.

ಮೊದಲ ಕರಡಿನಲ್ಲಿ ನಲವತ್ತಮೂರು ಪದ.
ಘಟನೆ, ಸಂದರ್ಭ, ಕ್ರಿಯಾವಿಧಿ, ನಿರ್ವಾಹಕ,
ಇಸ್ತ್ರಿಯ ಗೆರೆ ಇನ್ನೂ ಮುರಿಯದ ಮಾತುಗಳು.
ಪೂರ್ತಿ ಓದಿಸಿಕೊಂಡು ಅವಳು ಕೇಳಿದಳು,
"ಇದ್ರಲ್ಲಿ 'ಸುಮ್ನಿರು' ಎಲ್ಲಿದೆ?"
ಇರಲಿಲ್ಲ.
ಗೂಡು ಕುದಿಯುವಾಗ ಫೋನು ಸುಮ್ಮನಿರಬೇಕು,
ಜಂಗಮಕೋಟೆ ಕಡೆಯ ಬಿಳಿ ಗೂಡು ಬಂದಾಗ ಮಾತ್ರ ಬೊಗಳಬೇಕು.
ಅಷ್ಟು ಹೇಳಲು ನನ್ನ ನಲವತ್ತಮೂರಕ್ಕೆ ಬಾಯಿಲ್ಲ.

ಅವಳು ಕುದಿವ ಗೂಡಿನ ಮೇಲೆ ಕುಂಚ ಆಡಿಸುತ್ತ
ಕಲಿಸಿದಳು, ಕಲಿಸುತ್ತಿದ್ದೇನೆಂದು ತಿಳಿಯದೆ.
ಮೇಲಿನ ಜುಂಗೆಲ್ಲ ಎಳೆಯಲ್ಲ,
ತೆಗೆದೆಸೆ, ಇನ್ನೂ ಎಸೆ,
ಎಳೆದರೆ ಕೊನೆತನಕ ಬರುವ ತುದಿ ಒಂದೇ.
ಹುಳದ ವಾಸನೆಗೆ ಮೂಗು ಮುಚ್ಚಿಕೊಂಡೇ ಅಳಿಸುತ್ತ ಹೋದೆ.
ಹನ್ನೊಂದು ಉಳಿದವು.

ಅದರಲ್ಲೊಂದು 'ಆದರೆ'.
ಇಷ್ಟು ವರ್ಷ ಆಡಿಯೂ ನಾನಿದನ್ನು ಕಂಡಿರಲಿಲ್ಲ:
ಹಾಗೇನಾದರೂ ಆದರೆ ಎಂದು ಬಾಗಿಲು ತೆರೆಯುವುದೂ ಅದೇ,
ಎಲ್ಲ ಸರಿ, ಆದರೆ ಎಂದು ಚಿಲಕ ಹಾಕುವುದೂ ಅದೇ.
ಯಂತ್ರ ಮೂರು ರಾತ್ರಿ ಹೊಸಿಲ ಮೇಲೇ ನಿಂತಿತು.
ಪದ ಬದಲಿಸಿಬಿಡೋಣ ಎಂದೆ.
"ಯಾಕೆ? ಮಾತಿನ ಮುಂದೆ ಬಂದ್ರೆ ತಕರಾರು,
ಹಿಂದೆ ಬಂದ್ರೆ ಷರತ್ತು. ಕೇಳೋರಿಗೆ ಗೊತ್ತಾಗಲ್ವಾ?"
ಉರ್ದು ಮನೆಮಾತಿನ ತಾಜುನ್ನೀಸಾ ಅಂದದ್ದು.
ವ್ಯಾಕರಣ ಹಾಗೇ ಬರೆದೆ.

'ತಪ್ಪು' ಎಂಬ ಕೆಂಪಕ್ಷರವನ್ನೂ ಕಿತ್ತಿದ್ದೇನೆ. ಈಗದು
'ನನಗೆ ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ' ಅನ್ನುತ್ತದೆ.
ತಿಳಿಯದಿರುವುದು ಯಾರ ಪಾಲಿಗೆ ಎಂಬುದೂ ವ್ಯಾಕರಣವೇ.

ಇಂತಿಯಾಜ಼್ ಅಂಕಿಯನ್ನು ಕುಂಬಳಕಾಯಿ ಗಾತ್ರ ಮಾಡಿಕೊಂಡ.
ಯಾರೋ ಗುಂಡಿಗೆ ಹಸಿರು ಬಳಿದರು, ಬರೀ ಹಸಿರಿಷ್ಟವೆಂದು.
ನಿನ್ನೆ ಅವಳ ನಿಯಮ ಬಂತು, ಒಂದೊಂದೇ ಅಕ್ಷರ ಹುಡುಕಿ ಬರೆದದ್ದು:

    ಪಿಳ್ಳಾಂಜಿನಪ್ಪನ ಲಾಟು ಆದರೆ
    ನಾನು ಕೂಗಿದ್ದಕ್ಕೆ ಎರಡು ರೂಪಾಯಿ ಸೇರಿಸಿ ಕೂಗು
    ಆದರೆ ಅವನಿಗೆ ಹೇಳಬೇಡ

ಕಡಿಮೆಗೆ ಸಿಗುವುದನ್ನು ಹೆಚ್ಚಿಗೆ ಕೊಳ್ಳುವ ನಿಯಮ.
ನಷ್ಟವಾದೀತು ಎಂದೊಂದು ಎಚ್ಚರಿಕೆ ತೋರಿಸಲೇ ಎಂದು
ಬೆರಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.
ಇಬ್ಬರ ನಡುವೆ ಯಾವ ಋಣವೋ, ಯಾವ ಹಳೆಯ ಮುಂಗಡವೋ.
ಹನ್ನೊಂದರಲ್ಲಿ 'ಏಕೆ' ಇಲ್ಲ.
ಮರೆತದ್ದೋ, ಬಿಟ್ಟದ್ದೋ, ನನಗೇ ನೆನಪಿಲ್ಲ.

ಬೆಳಿಗ್ಗೆ, ಲಾಟು ನೂರಾ ಎಪ್ಪತ್ತೊಂದು.
ಪಿಳ್ಳಾಂಜಿನಪ್ಪ ಚೀಟಿಯನ್ನು ಎರಡು ಸಲ ಓದಿ
ಕನ್ನಡಕ ತೆಗೆದು, ಪಂಚೆಯ ಅಂಚಿಗೆ ಒರೆಸಿ
ಮತ್ತೊಂದು ಸಲ ಓದಿದ.
ಬೇಸಿನ್ನಿನ ಪಕ್ಕ ಫೋನು
ಸುಮ್ಮನಿತ್ತು.