ನಲವತ್ತು ಕುರ್ಚಿ

ನಲವತ್ತು ಕುರ್ಚಿ ಹಾಕಿದ್ದೆ.
ಬಂದವರು ಹದಿನಾಲ್ಕು ಜನ, ಒಂದು ನಾಯಿ.
ನಾಯಿಗೆ ಪ್ರವೇಶವಿಲ್ಲ ಎಂಬ ಹಲಗೆಯ ಕೆಳಗೇ
ಅದು ಮಲಗಿತು; ಯಾರೂ ಏನೂ ಅನ್ನಲಿಲ್ಲ.

ಬೆಲ್‌ಮಲೆಟ್ಟಿನ ಲೈಬ್ರರಿಯಲ್ಲಿ ನವೆಂಬರ್ ಎಂದರೆ
ನಾಲ್ಕಕ್ಕೇ ದೀಪ,
ಕಡಲು ಬಂದು ಕಿಟಕಿಗೆ ಕೈ ಒರೆಸಿ ಹೋಗುವ ಸದ್ದು,
ಹೀಟರಿನ ಮೇಲೆ ಯಾರದೋ ಒದ್ದೆ ಗ್ಲೌಸು.
ಕೆಟಲ್ ನನ್ನ ಸುಪರ್ದಿ, ಮೈಕೂ ನನ್ನದೇ.
ಎರಡೂ ಬೇಡದ ಹೊತ್ತಿಗೇ ಕಿರುಚುತ್ತವೆ.

ಮೊದಲು ಓದಿದವಳು ಲಾಸರೀನ ಎಂಬ ಹುಡುಗಿ,
ಐರಿಷ್‌ನಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ.
ಎರಡರ ನಡುವೆ ನೀರು ಕುಡಿದಳು,
ಹೊಳೆ ದಾಟುವವರು ಚಪ್ಪಲಿ ಕೈಗೆತ್ತಿಕೊಂಡ ಹಾಗೆ.
"ನಮ್ಮ ನುಡಿಯಲ್ಲಿ ಯಾರಿಗೂ ದುಃಖ ಆಗುವುದಿಲ್ಲ" ಎಂದಳು,
"ದುಃಖ ಮೇಲೆ ಇರುತ್ತದೆ. ನನ್ನ ಮೇಲೆ. ನಿಮ್ಮ ಮೇಲೆ."
ಹಿಂದಿನ ಸಾಲಿನಿಂದ ಕುರಿ ಸಾಕುವ ಗೆರಿಟಿ ಕೇಳಿದ:
"ಹಾಗಾದರೆ ತೆಗೆದು ಗೂಟಕ್ಕೆ ನೇತುಹಾಕಬಹುದೇ?"
ನಕ್ಕರು. ಅವಳೂ ನಕ್ಕಳು, ನಗು ಮುಗಿಯುವ ಮೊದಲೇ
ಪೆನ್ನು ತೆಗೆದು ಅದನ್ನು ಅಂಗೈಯಲ್ಲಿ ಬರೆದುಕೊಂಡಳು.
ನಾನು ನೋಡಿದೆ. ಇವರು ಹೀಗೇ.
ಬೇಲಿಯ ಮುಳ್ಳಿಗೆ ಸಿಕ್ಕ ಉಣ್ಣೆಯನ್ನೂ ಬಿಡುವವರಲ್ಲ.

ಆಮೇಲೆ ಫಿಂಟನ್ ಟೂಮಿ, ಕಾದಂಬರಿಕಾರ.
ಕಾರ್ಕಿನವನು; ಮೂರು ಚಳಿಗಾಲ ಇಲ್ಲಿ ಬಾಡಿಗೆಗಿದ್ದ.
ಏಳನೆಯ ಅಧ್ಯಾಯ ಓದಿದ.
ಏಡಿಯ ಬುಟ್ಟಿ ಎತ್ತಲು ಹೋದ ಮೀನುಗಾರ
ಬರುವುದಿಲ್ಲ. ದೋಣಿ ಬರುತ್ತದೆ.
ಅದರೊಳಗೆ ಕೋಟು, ಮಡಿಸಿಟ್ಟದ್ದು, ನೀಲಿ.
ಮುಳುಗುವವನು ಕೋಟು ಮಡಿಸುತ್ತಾನೆಯೇ
ಎಂಬಲ್ಲಿಗೆ ಅಧ್ಯಾಯ ಮುಗಿಯುತ್ತದೆ.
ಚೆನ್ನಾಗಿ ಓದಿದ. ದನಿ ಇಳಿಸಬೇಕಾದಲ್ಲಿ ಇಳಿಸಿದ.
ಕೆಟಲ್ ಕೂಡ ಆಗ ಸುಮ್ಮನಿತ್ತು.

ಚರ್ಚೆ. ಡಬ್ಲಿನ್ನಿನ ಪ್ರಾಧ್ಯಾಪಕಿ ಮೌನದ ಕುರಿತು ಕೇಳಿದಳು.
ಅವನು ಮೌನದ ಕುರಿತು ಒಂಬತ್ತು ನಿಮಿಷ ಮಾತಾಡಿದ.
ಬೆಳಿಗ್ಗೆ ಬರೆಯುತ್ತೀರೋ ರಾತ್ರಿಯೋ?
ಇದರಲ್ಲಿ ದುಡ್ಡು ಹುಟ್ಟುತ್ತದೆಯೇ?

ಆಗ ಬ್ರೀಜ್ ಲವೆಲ್ ಎದ್ದಳು. ಅವಳು ಎದ್ದಾಗ
ನಾಯಿಯೂ ಎದ್ದಿತು, ಅದು ಅವಳದೇ.
"ಕೋಟು ಹಸಿರು" ಎಂದಳು.
ಅಷ್ಟೇ. ಯಾರಿಗೂ ಅರ್ಥವಾಗಲಿಲ್ಲ,
ಅಂದರೆ, ಊರಿನ ಹನ್ನೊಂದು ಮಂದಿಗೆ ಆಯಿತು.
ಫಿಂಟನ್ ಬಿಳಿಚಿದ. ಇದೆಲ್ಲ ಕಲ್ಪನೆ ಎಂದ,
ಮೊದಲ ಪುಟದಲ್ಲೇ ಅಚ್ಚಾಗಿದೆಯಲ್ಲ, ಯಾವ ವ್ಯಕ್ತಿಗೂ—
"ಗೊತ್ತಪ್ಪ" ಎಂದಳು. "ತಿದ್ದು ಅಂತ ಹೇಳುತ್ತಿಲ್ಲ.
ನೀಲಿಯೇ ಇರಲಿ. ನೀಲಿ ಇರುವ ತನಕ
ಅವನು ಬೇರೆ ಯಾರೋ. ಅವನ ಅಕ್ಕ ಬೇರೆ ಯಾರೋ.
ಅವಳ ಅಡುಗೆಮನೆ ಚೆನ್ನಾಗಿ ಬರೆದಿದ್ದೀಯ.
ನನ್ನದು ಅಷ್ಟು ಚೊಕ್ಕಟ ಇಲ್ಲ."
ಕೂತಳು. ನಾಯಿ ಕೂರಲಿಲ್ಲ.

ಇನ್ನು ನನ್ನ ಮಾತು.
ಕುರ್ಚಿ ಹಾಕುವವನಿಗೆ ಪ್ರಶ್ನೆ ಕೇಳುವ ಸರದಿ ಬರುವುದಿಲ್ಲ,
ಉತ್ತರ ಹೇಳುವುದಂತೂ ಇಲ್ಲವೇ ಇಲ್ಲ.
ಲೆನಹನ್‌ನ ಪಬ್ಬಿನಲ್ಲಿ, ಎರಡು ಗ್ಲಾಸಿನ ನಡುವೆ,
ಈ ಕತೆ ಅವನಿಗೆ ಹೇಳಿದವನು ನಾನು.
ಹಸಿರು ಎಂದು ನನಗೆ ಗೊತ್ತಿತ್ತು.
ದೋಣಿಯಿಂದ ಅದನ್ನು ಎತ್ತಿದ್ದೇ ಈ ಕೈ;
ಕಾಲರಿನೊಳಗಿನ ಉಪ್ಪು ಸಕ್ಕರೆಯ ಹಾಗೆ ಉದುರಿತ್ತು.
ಬಾಯಿಗೆ ಬಂದದ್ದು ಮಾತ್ರ ನೀಲಿ.
ಯಾಕೆಂದು ಈಗಲೂ ಹೇಳಲಾರೆ.
ಹಸಿರು ಅಂದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಅಥವಾ
ನೀಲಿ ಕೇಳಲು ಇನ್ನೂ ಚೆನ್ನಾಗಿತ್ತು.
ಎರಡೂ ಇರಬಹುದು.

ಚಹಾ ಆಯಿತು. ಅವನದು ಏಳು ಪುಸ್ತಕ ಹೋಯಿತು,
ಹುಡುಗಿಯದು ಮೂರು.
ಬ್ರೀಜ್ ಒಂದು ಕೊಂಡಳು, ಸಹಿ ಬೇಡವೆಂದಳು.
ಬಾಗಿಲಲ್ಲಿ ನನ್ನನ್ನು ನೋಡಿದಳೋ, ನನ್ನ ಬೆನ್ನ ಹಿಂದೆ
ಗೂಟದಲ್ಲಿದ್ದ ತನ್ನ ಕೋಟನ್ನೋ.
ತೆಗೆದುಕೊಟ್ಟೆ. ತೋಳು ತೂರಿಸುವ ತನಕ ಹಿಡಿದೆ.
ಭಾರವಿತ್ತು, ಮಳೆಯದು.

ಕುರ್ಚಿ ಮಡಿಸುತ್ತಿದ್ದೇನೆ.
ಕೆಲವು ಇನ್ನೂ ಬೆಚ್ಚಗಿವೆ, ಉಳಿದವು ಇಲ್ಲ;
ಕತ್ತಲಲ್ಲೂ ಕೈಗೆ ಲೆಕ್ಕ ತಿಳಿಯುತ್ತದೆ.
ಗೆರಿಟಿ ಹೊರಗಿನಿಂದ ಕೂಗುತ್ತಾನೆ,
ನಿನ್ನ ವ್ಯಾನಿನ ದೀಪ ಉರಿಯುತ್ತಲೇ ಇದೆ ಮಾರಾಯ,
ಬ್ಯಾಟರಿ ಹೋದೀತು.
ಬಂದೆ ಅನ್ನುತ್ತೇನೆ.
ಇನ್ನೂ ಎರಡು ಸಾಲು ಇದೆ.